ನೈಟ್ ಶಿಫ್ಟ್

ಕತ್ತಲಿರುವಾಗಲೇ ಊರಿಗಾಂ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ, ಬೆಂಗಳೂರಿನಲ್ಲಿ ದುಡಿದು, ಕತ್ತಲಾದ ಮೇಲೆ ರಾಬರ್ಟ್‌ಸನ್‌ಪೇಟೆಗೆ ಮರಳುವವನು ‘ಸ್ಕೈರಿಮ್’ ಆಡಬಾರದು. 2011ರಲ್ಲಿ ಬಂದ ಈ ವಿಡಿಯೊ ಗೇಮ್ ಪೂರ್ತಿ ಮುಗಿಯಲು ನೂರಾರು ಗಂಟೆ ಬೇಕು. ಆಫೀಸಿನ ಹಿಂದಿನ ಬೀದಿಯಲ್ಲೇ ಮನೆ ಮಾಡಿರುವ ಮಹಾಶಯನೊಬ್ಬ “ಇನ್ನೂ ಮುಗ್ಸಿಲ್ವಾ?” ಎಂದು ಕೇಳಿದಾಗಲೆಲ್ಲ ಅವನನ್ನು ಒಂದು ವಾರ ಟೇಕಲ್, ಮಾಲೂರು ಮಾರ್ಗವಾಗಿ ನಿಲ್ಲಿಸಿಕೊಂಡು ಕರೆತರಬೇಕು ಅನ್ನಿಸುತ್ತದೆ.

ನನಗೆ ಸಿಗುವುದು ರಾತ್ರಿಯ ಊಟಕ್ಕೂ ಹೆಂಡತಿಯ “ಲೈಟ್ ಆರಿಸ್ತೀರೋ ಇಲ್ವೋ”ಗೂ ನಡುವಿನ ಸಂದು. ಆದರೇನು, ಇಲ್ಲಿನ 72 ನಿಮಿಷ ಅಲ್ಲಿ ಒಂದು ಹಗಲು, ಒಂದು ರಾತ್ರಿ! ಲೋಕ ನುಂಗಲು ಬಂದ ಆಲ್ಡುಯಿನ್ ಎಂಬ ಡ್ರ್ಯಾಗನ್ ಕೂಡ ಬಲು ಸಂಭಾವಿತ. ನಾನು ಎಲೆಕೋಸು ಕೀಳುತ್ತ ಕೂತರೂ ಕಾಯುತ್ತದೆ. ಕಾಯದೇ ಇರುವುದು ರೈಲು ಮಾತ್ರ.

ಹೀಗಿರಲು ಒಂದು ರಾತ್ರಿ ಕೋಲ್ಸ್ಕೆಗ್ಗರ್ ಎಂಬ ಚಿನ್ನದ ಗಣಿ ಎದುರಾಯಿತು. ಕಾಡುಜನ ನುಗ್ಗಿ, ಕೆಲಸಗಾರರನ್ನು ಓಡಿಸಿ, ಗಣಿ ನಿಂತಿದೆ. ಕೆಜಿಎಫ್‌ನವನ ಮುಂದೆ ಮುಚ್ಚಿದ ಚಿನ್ನದ ಗಣಿ! ನುಗ್ಗಿದೆ, ಹೊಡೆದೆ, ಗುದ್ದಲಿ ಎತ್ತಿದೆ. ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜ್ ಇಳಿದು ಸವೆದ ಮಾವ.

“ನಿನ್ನ ಆಟದವನ ಟೋಪಿಗೆ ಕೊಂಬಿದೆ. ಲ್ಯಾಂಪ್ ಎಲ್ಲಪ್ಪ?”

“ಪಂಜು ಇದೆ, ಮಾವ.”

“ಗಣಿಯೊಳಗೆ ಬೆಂಕಿ ಹಿಡ್ಕೊಂಡು ಹೋಗ್ತಾನಾ? ಮೇಸ್ತ್ರಿ ಯಾರು?”

“ಯಾರೂ ಇಲ್ಲ.”

“ಏರ್ ಬ್ಲಾಸ್ಟ್ ಆಗಿ ಬಂಡೆ ಸಿಡಿದ್ರೆ?”

“ಆಗಲ್ಲ, ಮಾವ.”

“ಯಾರು ಹೇಳಿದ್ದು?”

ಉತ್ತರ ತೋಚದೆ ಗುದ್ದಲಿ ಬೀಸಿದೆ. ಮೂರು ತುಂಡು ಅದಿರು ಉದುರಿತು. ಎರಡಕ್ಕೆ ಒಂದು ಚಿನ್ನದ ಗಟ್ಟಿ ಎಂದೆ. ಮಾವ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ನಮ್ಮಲ್ಲಿ ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಮೂರ್ನಾಲ್ಕು ಗ್ರಾಂ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ ತಂದದ್ದು. ಇಲ್ಲಿ ಮಿಲ್ಲೂ ಇಲ್ಲ, ಸೈನೈಡೂ ಇಲ್ಲ, ಗಾಳಿ ಬಂದರೆ ಕಣ್ಣಿಗೆ ಬೀಳುವ ಸೈನೈಡ್ ದಿಬ್ಬದ ಧೂಳೂ ಇಲ್ಲ. “ಮೋಸ” ಎಂದರು. ಅಂದವರೇ, “ಆ ಮೂಲೇಲಿ ಇನ್ನೊಂದು ಗೆರೆ ಹೊಳೀತಿದೆ, ಬಿಡಬೇಡ” ಎಂದರು.

ಹೆಂಡತಿ ಲೈಟ್ ಆರಿಸಿದಳು. ಕತ್ತಲಲ್ಲೇ ಮುಂದುವರಿಸಿದೆವು.

ಓಡಿಹೋಗಿದ್ದ ಗಣಿಗಾರನಿಗೆ ಸುದ್ದಿ ಮುಟ್ಟಿಸಿದೆ. ಗಣಿ ತೆರೆಯಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಳಬರನ್ನೇ ತಗೊಂಡ್ರಾ?” ಎಂದರು.

“ಹೂಂ, ಅವರೇ ವಾಪಸ್ ಹೋದ್ರು.”

ನಮ್ಮದು ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದಿನಿಂದ ಪ್ರತಿ ಚುನಾವಣೆಗೂ ಅದು ಮಾತಿನಲ್ಲಿ ತೆರೆಯುತ್ತದೆ. ಇಷ್ಟು ಸುಲಭವಾಗಿ ತೆರೆದದ್ದನ್ನು ಮಾವನಿಗೆ ತೋರಿಸಬಾರದಿತ್ತೇನೋ ಅನ್ನಿಸಿ ಗಂಟಲು ಕಟ್ಟಿತು.

ಮಾವನಿಗೆ ಹಾಗೇನೂ ಅನ್ನಿಸಿದಂತಿಲ್ಲ. ಮರುರಾತ್ರಿ ನಾನು ಡ್ರ್ಯಾಗನ್ ಕಡೆ ಹೊರಟರೆ ಗದರಿದರು: “ಹಾವು ಗೀವು ಆಮೇಲೆ. ಮೊದಲು ಗಣಿ ನೋಡು.” ಅಲ್ಲಿ ಕೆಲ ದಿನ ಬಿಟ್ಟರೆ ಅಗೆದ ಗೆರೆಯಲ್ಲಿ ಚಿನ್ನ ಮತ್ತೆ ತುಂಬುತ್ತದೆಂದು ನಾನೇ ಬಾಯಿಬಿಟ್ಟಿದ್ದೆ. ಈಗ ಲೋಕ ಉಳಿಸುವ ಕೆಲಸ ಮಾವನ ರಜೆ ಮಂಜೂರಾತಿಗೆ ಕಾದಿದೆ.