ದೂರ ಹೊರಟಂಗದೆ?

ನಮ್ಮ ಬೈರಾಪಟ್ಟಣದ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಾಗಂತ ತಿಳಿದುಕೊಳ್ಳದೆ ಇರಲಾದೀತೇ? ಅದಕ್ಕೇ ಹಿರಿಯರು ‘ದೂರ ಹೊರಟಂಗದೆ?’ ಎಂಬ ಉಪಾಯ ಮಾಡಿಟ್ಟರು. ಹೊರಟವನು ‘ಹೂಂ, ಇಲ್ಲೇ ಚನ್ನಪಟ್ಟಣಕ್ಕೆ’ ಎಂದು ತಾನಾಗಿಯೇ ಬಾಯಿಬಿಡುತ್ತಾನೆ. ಶಾಸ್ತ್ರವೂ ಉಳಿಯಿತು, ಸುದ್ದಿಯೂ ಸಿಕ್ಕಿತು.

ಈ ನಾಜೂಕು ವಿಮಾನದವರಲ್ಲಿಲ್ಲ. ಸ್ವಂತ ವಿಮಾನವಿರುವ ಸಾಹುಕಾರರು ಹೊರದೇಶಕ್ಕೆ ಹೋಗುವಾಗ ಅವರ ಕಾಗದಪತ್ರ ಹೊಂದಿಸುವುದು ನನ್ನ ಅಕ್ಕನ ಮಗನ ಕೆಲಸ. ಅರಳಿಕಟ್ಟೆಯ ತಿಳಿವಳಿಕೆ ಪ್ರಕಾರ ಅಂಥವರು ಬೆಳಿಗ್ಗೆ ಇಡ್ಲಿ ತಿಂದು, ಮನಸ್ಸು ಬಂದರೆ ಕೊಲಂಬೊಗೆ ಹಾರಿ, ಮಧ್ಯಾಹ್ನದ ಮುದ್ದೆಗೆ ವಾಪಸಾಗುತ್ತಾರೆ. ಹಬ್ಬಕ್ಕೆ ಬಂದ ಹುಡುಗ ಲ್ಯಾಪ್‌ಟಾಪ್ ತೆರೆದು ಫ್ಲೈಟ್ ಪ್ಲಾನ್ ಎಂಬ ಫಾರಂ ತೋರಿಸಿದ. ನಮ್ಮೂರಿನ ಅತಿ ಕುತೂಹಲದ ಮುದುಕಿಯೂ ಅದರ ಮುಂದೆ ಮಹಾ ಮೌನಿ.

ಎಲ್ಲಿಂದ, ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಹೊತ್ತಿನ ಹಾದಿ. ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು ಇದೆಲ್ಲ ಬರೆದು ಒಪ್ಪಿಸಬೇಕು. ವಾಯುರಕ್ಷಣೆಯವರ ಅನುಮತಿ ಸಂಖ್ಯೆ, ಹೋಗುವ ದೇಶದವರ ಒಪ್ಪಿಗೆ, ಕಸ್ಟಮ್ಸ್, ಇಮಿಗ್ರೇಷನ್ ಬೇರೆ.

‘ನಮ್ಮೂರಿಂದಲೇ ಹಾರಿದರೆ ಎಲ್ಲಿಂದ ಅಂತ ಏನು ಬರೀತೀಯೋ?’ ಎಂದೆ.

‘ನಾಲ್ಕು ಜೆಡ್ ಬರೀತೀನಿ ಮಾವ.’

ವಿಮಾನ ನಿಲ್ದಾಣಗಳಿಗೆಲ್ಲ ನಾಲ್ಕಕ್ಷರದ ಹೆಸರಿದೆಯಂತೆ. ಮಾಗಡಿಯವರು ತಮ್ಮವನೆಂದು ಮೀಸೆ ತಿರುವುವ ಕೆಂಪೇಗೌಡರಿಗೆ ದೇವನಹಳ್ಳಿಯಲ್ಲಿ 108 ಅಡಿಯ ವಿಗ್ರಹವಿದ್ದರೂ ಫಾರಂನಲ್ಲಿ ಅವರ ನಿಲ್ದಾಣ ಬರೀ ವಿ-ಓ-ಬಿ-ಎಲ್. ಹೆಸರಿಲ್ಲದ ಜಾಗಕ್ಕೆಲ್ಲ ಜೆಡ್-ಜೆಡ್-ಜೆಡ್-ಜೆಡ್. ಚುನಾವಣೆಯಲ್ಲಿ ನಾಯಕರ ಹೆಲಿಕಾಪ್ಟರ್ ಇಳಿಯುವ ಶಾಲೆ ಮೈದಾನವೂ ಇದೇ ಜಾತಿ. ಆಮೇಲೆ ಕೆಳಗಿನ ಅಂಕಣದಲ್ಲಿ ಊರಿನ ಹೆಸರನ್ನೋ ಅಕ್ಷಾಂಶ-ರೇಖಾಂಶವನ್ನೋ ಕೊಡಬೇಕು. ಚನ್ನಪಟ್ಟಣವಾದರೆ ಸುಮಾರು 12 ಡಿಗ್ರಿ 39 ನಿಮಿಷ ಉತ್ತರ, 77 ಡಿಗ್ರಿ 12 ನಿಮಿಷ ಪೂರ್ವ. 2025ರಲ್ಲಿ ನಮ್ಮ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತಲ್ಲ, ಆ ಸುದ್ದಿ ಅಕ್ಷಾಂಶಕ್ಕೆ ಇನ್ನೂ ಮುಟ್ಟಿಲ್ಲ.

ಮುಂದಿನ ಪ್ರಶ್ನೆಯನ್ನು ಹುಡುಗ ಜೋರಾಗಿ ಓದಬಾರದಿತ್ತು. ‘ಅಲ್ಲಿ ಇಳಿಯೋಕೆ ಆಗದಿದ್ದರೆ ಇನ್ನೆಲ್ಲಿ?’ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ತಲೆಯೆತ್ತಿ, ‘ಬಿಡ್ತು ಅನ್ನೋ’ ಎಂದಳು. ಅವನು ಬಿಡ್ತು ಎಂದು, ಎಷ್ಟು ಗಂಟೆಗಾಗುವಷ್ಟು ಇಂಧನವಿದೆ, ಲೈಫ್ ಜಾಕೆಟ್ ಇದೆಯೇ ಎಂದು ಮುಂದುವರಿದ. ನೀರಿಗೆ ಬಿದ್ದರೆ ಹತ್ತಿಕೊಳ್ಳುವ ರಬ್ಬರ್ ದೋಣಿಗಳೆಷ್ಟು, ಒಟ್ಟು ಎಷ್ಟು ಜನ ಹಿಡಿಯುತ್ತವೆ, ಮೇಲೆ ಹೊದಿಕೆಯಿದೆಯೇ, ಯಾವ ಬಣ್ಣ? ಕನಕಪುರದ ಸಂಗಮದಲ್ಲಿ ತೆಪ್ಪ ಹತ್ತುವವರನ್ನು ಇವತ್ತಿನವರೆಗೆ ಬಣ್ಣ ಕೇಳಿದವರಿಲ್ಲ. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಹೊರಡುವ ಮುಂಚೆ ಇಷ್ಟು ಅಪಶಕುನ ನುಡಿಯುವ ಮನೆಯಲ್ಲಿ ಅವಳು ಕೂರುವವಳಲ್ಲ.

ಇಷ್ಟಾದರೂ ಸಾಹುಕಾರರು ನಮ್ಮವರೇ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಫಾರಂ ನಡೆಯುವುದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ; ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ರಾಹು ಅಲ್ಲಿ ಐದಕ್ಕೆ ಬಂದು ಆರೂವರೆಗೆ ಜಾಗ ಖಾಲಿ ಮಾಡುತ್ತಾನೆ. ಹುಡುಗ ಇದಕ್ಕೊಂದು ಪಟ್ಟಿಯನ್ನೇ ಗೋಡೆಗೆ ಅಂಟಿಸಿದ್ದಾನಂತೆ. ಯಜಮಾನರಿಗೆ ಕೊನೇ ಗಳಿಗೆಯಲ್ಲಿ ಪಂಚಾಂಗ ನೆನಪಾಗಿ ಹೊರಡುವುದು ಬರೆದುಕೊಟ್ಟ ಹೊತ್ತಿಗಿಂತ 30 ನಿಮಿಷದ ಮೇಲೆ ತಡವಾದರೆ ತಿದ್ದುಪಡಿ ಕಳಿಸಬೇಕು, ಇಲ್ಲವೇ ಹೊಸ ಪ್ಲಾನ್ ಹಾಕಬೇಕು. ತಡಕ್ಕೆ ಕಾರಣ ಏನು ಬರೆಯುತ್ತಾನೆಂದು ಕೇಳಿದೆ, ನಕ್ಕು ಸುಮ್ಮನಾದ.

ಹೊರದೇಶ ಅನ್ನುವುದೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಬಂದರು. ಆಗ ಅದು ದೇಶದೊಳಗಿನ ಪ್ರಯಾಣ. ಹದಿನೈದು ವರ್ಷ ಕಳೆಯುವುದರಲ್ಲಿ ಅದೇ ದಾರಿ ವಿದೇಶವಾಯಿತು. ಆಕಾಶಕ್ಕೆ ಬೇಲಿ ಕಾಣುವುದಿಲ್ಲ, ಫಾರಂಗೆ ಚೆನ್ನಾಗಿ ಕಾಣುತ್ತದೆ.

ಈ ಫಾರಂ ಕೇಳುವ ಎಷ್ಟೋ ವಿವರಗಳು ವಿಮಾನ ಕಾಣದಾದ ಹೊತ್ತಿಗೆ ಬೇಕಾದವು. ಬರಬೇಕಾದ ಸಮಯ ದಾಟಿ 30 ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ನಿಯಂತ್ರಣ ಕೇಂದ್ರದವರು ಮೊದಲು ಅನುಮಾನದ ಘಟ್ಟ ಸಾರುತ್ತಾರೆ, ಆಮೇಲೆ ಎಚ್ಚರಿಕೆಯದು, ಕೊನೆಗೆ ಅಪಾಯದ್ದು. ಆಗ ಹುಡುಕಲು ಹೊರಟವರಿಗೆ ದಾರಿ, ಇಂಧನ, ಜನರ ಲೆಕ್ಕ, ಅವ್ವನನ್ನು ಒಳಗೆ ಓಡಿಸಿದ ಆ ದೋಣಿಯ ಬಣ್ಣ, ಎಲ್ಲವೂ ಬೇಕು. ಮೊಮ್ಮಗ ಬೆಂಗಳೂರಿಗೆ ಬಸ್ ಹತ್ತಿದರೆ ಅವ್ವ ಬಿಡದಿ ದಾಟುವುದರೊಳಗೆ ಮೂರೂ ಘಟ್ಟ ಮುಗಿಸಿರುತ್ತಾಳೆ. ಅರ್ಧ ಗಂಟೆ ಕಾಯುವ ತಾಳ್ಮೆ ಅವಳಿಗಿಲ್ಲ.

ನಿಮ್ಮಲ್ಲಿ ಯಾರಿಗಾದರೂ ವಿಮಾನ ಕೊಳ್ಳುವ ಯೋಗವಿದ್ದರೆ ಖಂಡಿತ ಕೊಳ್ಳಿ. ಕಾಗದ ಬರೆಯುವ ಹುಡುಗನಿಗೆ ಮಾತ್ರ ರಾಹುಕಾಲವನ್ನು ಹಿಂದಿನ ದಿನವೇ ಹೇಳಿಬಿಡಿ.