ಸೊನ್ನೆ ಹಿಡಿದವನು

ಹನ್ನೊಂದು ವರ್ಷ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಬಿಟ್ಟುಹೋದ ಒತ್ತಕ್ಷರ, ಇಳಿಯದ ದೀರ್ಘ, ಎಲ್ಲಕ್ಕಿಂತ ಮುಖ್ಯವಾಗಿ ಹಾರಿಹೋದ ಸೊನ್ನೆ, ಇವನ್ನು ಹಿಡಿಯುವುದೇ ನನ್ನ ಅನ್ನ. ಪ್ರೆಸ್ಸು ಮುಚ್ಚಿತು. ಮನೆಯಲ್ಲಿ ಕೂತು ಹಾಲಿನ ಪ್ಯಾಕೆಟ್ಟಿನ ಕಾಗುಣಿತ ತಿದ್ದುತ್ತಿದ್ದೆ. ಆಗಲೇ ಸೋದರಮಾವನ ಮಂಡಿಗೆ ಆಪರೇಷನ್ ಆಯಿತು.

ಮಾವ ಲೈಸೆನ್ಸಿರುವ ಗುತ್ತಿಗೆದಾರ. ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ರಸ್ತೆ ಕಡೆಯ ಕಾಂಪೌಂಡ್ ಗೋಡೆ ಕಟ್ಟುವ ಕೆಲಸ ಅವರ ಹೆಸರಿಗೆ ಆಗಿತ್ತು. ಕಾಲು ಚಾಚಿ ಮಲಗಿದ್ದ ಅವರು ನನ್ನನ್ನು ಕರೆಸಿ, "ನೀನೇನೂ ಮಾಡೋದು ಬೇಡ ಕಣೋ. ಹೋಗಿ ಸುಮ್ನೆ ನಿಂತ್ಕೊ. ಮಿಕ್ಕಿದ್ದು ಮೇಸ್ತ್ರಿ ನೋಡ್ಕೋತಾರೆ" ಎಂದರು.

ಸುಮ್ಮನೆ ನಿಂತುಕೊಳ್ಳುವುದು ಸುಲಭ ಎಂದುಕೊಂಡವರು ಕಟ್ಟಡ ಕೆಲಸದ ಜಾಗದಲ್ಲಿ ಅರ್ಧ ದಿನ ನಿಂತು ನೋಡಬೇಕು. ಎಲ್ಲಿ ನಿಂತರೂ ಅದು ಯಾರಾದರೂ ಜಲ್ಲಿ ಸುರಿಯಬೇಕಾದ ಜಾಗವೇ ಆಗಿರುತ್ತದೆ. "ವಸಿ ಅತ್ಲಾಗೆ ಬನ್ನಿ ಸಾರ್" ಎಂದು ಬಾಂಡ್ಲಿ ಹೊತ್ತ ಹೆಣ್ಣಾಳು ಅಂದಾಗ ಅತ್ಲಾಗೆ ಹೋದರೆ, ಅಲ್ಲಿ ಕಂಬಿ ಬಗ್ಗಿಸುವವನು "ಇತ್ಲಾಗೆ ಬನ್ನಿ ಸಾರ್" ಅನ್ನುತ್ತಾನೆ. ಮೊದಲ ದಿನ ಬೆಳಗ್ಗಿನಿಂದ ಸಂಜೆವರೆಗೆ ನಾನು ಮಾಡಿದ್ದು ಅತ್ತ ಇತ್ತ ಹೋಗುವುದೊಂದೇ. ಆದರೂ ಅಲ್ಲಿದ್ದವರಲ್ಲಿ ಇಸ್ತ್ರಿ ಅಂಗಿ ಹಾಕಿದ್ದವನು ನಾನೊಬ್ಬನೇ ಆದ್ದರಿಂದ ಪ್ರತಿಯೊಬ್ಬರೂ ನನ್ನನ್ನೇ ಕೇಳುತ್ತಿದ್ದರು.

ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ ನೆನಪಿದೆ. "ಸಾರ್, ನಾಳೆ ಬೆಡ್ ಹಾಕ್ಬಿಡಾಣ್ವಾ?"

ದೂರದಿಂದ ಬಂದ ಕೂಲಿಯವರಿಗೆ ಮಲಗಲು ವ್ಯವಸ್ಥೆ ಎಂದು ತಿಳಿದು, "ಎಷ್ಟು ಜನಕ್ಕೆ?" ಎಂದೆ.

ಮೇಸ್ತ್ರಿ ಒಂದು ಗಳಿಗೆ ನನ್ನ ಮುಖ ನೋಡಿದರು. ಅರವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಸದಾ ಅರ್ಧ ಬೀಡಿ. ಆಮೇಲೆ ಬಹಳ ಮೆತ್ತಗೆ, ಮಕ್ಕಳಿಗೆ ಹೇಳುವ ಹಾಗೆ, "ಗೋಡೆಗೆ ಸಾರ್" ಎಂದರು. ಪಾಯ ತೋಡಿದ ಮೇಲೆ ತಳಕ್ಕೆ ಹಾಕುವ ಕಾಂಕ್ರೀಟಿಗೆ ಬೆಡ್ ಅನ್ನುತ್ತಾರೆ. ಅಂದರೆ ಮಲಗುವುದು ಗೋಡೆಯೇ.

ಅವತ್ತು ರಾತ್ರಿ ಎಸ್ಟಿಮೇಟ್ ಹಿಡಿದು ಕೂತೆ. ಓದಲು ಬರುವ ಕೆಲಸವಾದರೂ ಅದೊಂದಿದೆಯಲ್ಲ ಎಂಬ ಧೈರ್ಯ. ಮೊದಲ ಪುಟದಲ್ಲೇ ಬೆಡ್ಡಿನ ಎದುರು 1:4:8 ಎಂದಿತ್ತು. ಗದುಗಿನ ಭಾರತದ ಪ್ರೂಫು ನೋಡಿದ್ದ ಕಣ್ಣಿಗೆ ಅದು ಆದಿಪರ್ವ, ನಾಲ್ಕನೆಯ ಸಂಧಿ, ಎಂಟನೆಯ ಪದ್ಯವಾಗಿಯೇ ಕಂಡಿತು. ಕೆಳಗೆ ಕಲ್ಲುಕಟ್ಟಡಕ್ಕೆ 1:6 ಎಂದು ಮಾತ್ರ ಇತ್ತು. ಪದ್ಯಸಂಖ್ಯೆ ಬಿಟ್ಟುಹೋಗಿದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿಯೂಬಿಟ್ಟೆ. ಮೊದಲನೆಯದು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ. ಎರಡನೆಯದರಲ್ಲಿ ಜಲ್ಲಿಯೇ ಇಲ್ಲ, ಬರೀ ಸಿಮೆಂಟು ಮರಳಿನ ಗಾರೆ. ಇದು ಗೊತ್ತಾದದ್ದು ಮಾರನೆಯ ದಿನ, ಆಳುಗಳು ಲೆಕ್ಕ ಕೂಗಿಕೊಂಡು ಕಲಸುವಾಗ. ಕಂಬಗಳ ಕಾಂಕ್ರೀಟಿಗೆ ಒಂದು, ಒಂದೂವರೆ, ಮೂರು. ಒಂದೂವರೆಯನೆಯ ಸಂಧಿ ಯಾವ ಕಾವ್ಯದಲ್ಲೂ ಇಲ್ಲದ್ದರಿಂದ ಅಷ್ಟು ಹೊತ್ತಿಗೆ ನಾನು ಕುಮಾರವ್ಯಾಸನನ್ನು ಕೈಬಿಟ್ಟಿದ್ದೆ.

ಹೀಗೆ ಎರಡು ಸಲ ಮುಗ್ಗರಿಸಿದ ಮೇಲೆ ಒಂದು ದಾರಿ ಹೊಳೆಯಿತು. ಯಾರು ಏನೇ ಕೇಳಲಿ, ಕಣ್ಣು ಕಿರಿದು ಮಾಡಿ ಗೋಡೆಯ ಕಡೆ ಒಂದಿಷ್ಟು ಹೊತ್ತು ನೋಡಿ "ಹ್ಞೂಂ" ಅನ್ನುವುದು. ಈ ಒಂದಕ್ಷರದಲ್ಲಿ ಎರಡು ವಾರ ಬದುಕಿದೆ. ಪ್ಲಾಸ್ಟರಿಗೆ ಮರಳು ಜರಡಿ ಹಿಡಿಯಾಣ್ವಾ? ಹ್ಞೂಂ. ರಿಂಗು ಆರಿಂಚಿಗೊಂದಾ? ಹ್ಞೂಂ. "ಆರೋ, ಎಂಟೋ?" ಎಂದು ಎರಡು ಆಯ್ಕೆ ಕೊಟ್ಟು ಕೇಳಿದಾಗ ಮಾತ್ರ ಈ ವಿದ್ಯೆ ಕೈಕೊಡುತ್ತದೆ. ಆಗ "ಮೇಸ್ತ್ರಿ ಏನಂತಾರೆ?" ಎನ್ನಬೇಕು. ಮೇಸ್ತ್ರಿಯೇ ಕೇಳಿದ್ದರೆ ಫೋನು ಬಂದಂತೆ ಮಾಡಬೇಕು.

ಒಂದು ದಿನ ಜೂನಿಯರ್ ಎಂಜಿನಿಯರ್ ಮೇಡಂ ಬಂದರು. ಎಳೆ ವಯಸ್ಸಿನ ಹುಡುಗಿ, ಹೆಲ್ಮೆಟ್ ತೆಗೆಯುವ ಮೊದಲೇ ತಪ್ಪು ಕಾಣುವಂಥ ಕಣ್ಣು. ನನ್ನ ಹಳೆಯ ಕಸುಬಿನಲ್ಲಿದ್ದರೆ ಹೆಸರು ಮಾಡುತ್ತಿದ್ದರು. ಸೆಂಟ್ರಿಂಗ್ ಬಿಚ್ಚಿದ ಒಂದು ಕಂಬದ ಮುಂದೆ ನಿಂತು, "ಏನ್ಸಾರ್ ಇದು, ಹನಿಕೋಂಬ್ ಬಂದಿದೆಯಲ್ಲ?" ಎಂದರು. ನಾನು ತಲೆಯೆತ್ತಿ ಶಾಲೆಯ ಹೊಂಗೆಮರ ನೋಡಿದೆ. ಜೇನು ಕಾಣಲಿಲ್ಲ. ಆದರೆ ಮಕ್ಕಳಿರುವ ಜಾಗ, ಅವರ ಕಾಳಜಿ ನ್ಯಾಯವೇ. "ಇವತ್ತು ಸಾಯಂಕಾಲಾನೇ ಹೊಗೆ ಹಾಕಿಸ್ತೀನಿ ಮೇಡಂ" ಎಂದೆ.

ಹಿಂದಿನಿಂದ ಮೇಸ್ತ್ರಿ ಕೆಮ್ಮಿದರು. "ಸಾರು ತಮಾಷೆ ಮಾಡ್ತಾರೆ ಮೇಡಂ. ಸಡಿಲ ಇರೋದನ್ನ ಕೆತ್ತಿ, ನೀರ್ ಹೊಡ್ದು, ಗಟ್ಟಿ ಗಾರೆ ತುಂಬ್ತೀನಿ." ಕಾಂಕ್ರೀಟು ಸರಿಯಾಗಿ ಕುಟ್ಟದೆ ಹೋದರೆ ಒಳಗೆ ಗಾಳಿ ನಿಂತು ಜಲ್ಲಿ ಹಲ್ಲು ಕಿರಿಯುತ್ತದೆ, ಥೇಟ್ ಜೇನಿನ ರೊಟ್ಟಿನ ಹಾಗೆ. ಅವತ್ತಿನಿಂದ ಆ ಮೇಡಂ ನನ್ನನ್ನು ಹಾಸ್ಯಪ್ರಜ್ಞೆಯುಳ್ಳ ಗುತ್ತಿಗೆದಾರ ಎಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಲಿಲ್ಲ.

ಮಾವನ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ನನ್ನ ಪಾಡು ಕೇಳಿ, "ಇದಕ್ಕೆ ಇಂಪೋಸ್ಟರ್ ಫಿನಾಮಿನನ್ ಅಂತ ಹೆಸರಿದೆ ಭಾವ, 1978ರಲ್ಲೇ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನೋ ಇಬ್ಬರು ಬರೆದಿದ್ದಾರೆ. ಎಲ್ಲಾ ಸಾಮರ್ಥ್ಯ ಇದ್ದೂ ತನಗೇನೂ ಬರಲ್ಲ ಅನ್ಸೋದು" ಎಂದು ಸಮಾಧಾನ ಹೇಳಿದಳು. ನನಗೆ ಏನೂ ಬರುವುದಿಲ್ಲ ಎಂದು ಅನ್ನಿಸುತ್ತಿದ್ದುದು ನಿಜ. ಆದರೆ ಬರುತ್ತಲೂ ಇರಲಿಲ್ಲವಲ್ಲ. ಆ ಲೆಕ್ಕದಲ್ಲಿ ನನ್ನ ಮನಸ್ಸು ಗಟ್ಟಿಯಾಗಿಯೇ ಇತ್ತು.

ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೋ ನೋಡಿ ಬೆಳಗ್ಗೆ ಒಂದೊಂದು ಮಾತು ಬಿಡುವ ಪ್ರಯತ್ನವನ್ನೂ ಮಾಡಿದೆ. "ಮೇಸ್ತ್ರಿ, ಸಿಮೆಂಟಿನ ಗ್ರೇಡು ನೋಡಿದ್ರಾ?" ಎಂದರೆ ಅವರು, "ಕನ್ನಂಬಾಡಿ ಕಟ್ಟೆಗೆ ಹಾಕಿರೋದು ಸುರ್ಕಿ ಗಾರೆ ಸಾರ್. ನಿಂತಿಲ್ವಾ?" ಎನ್ನುವರು. 1911ರಲ್ಲಿ ಶುರುವಾದ ಅಣೆಕಟ್ಟು, ಇಟ್ಟಿಗೆ ಪುಡಿ ಮತ್ತು ಸುಣ್ಣದ ಗಾರೆಯ ಮೇಲೆ ಇವತ್ತಿಗೂ ನಿಂತಿರುವುದು ಸತ್ಯವೇ. ಆದರೆ ಮೇಸ್ತ್ರಿ ಅದನ್ನು ನನ್ನ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿ ಬಳಸುತ್ತಿದ್ದರು. ಬಟವಾಡೆಯ ಲೆಕ್ಕ ಯಾಕೆ ಹೆಚ್ಚು ಬಂತು ಎಂದು ಕೇಳಿದ ಶನಿವಾರವೂ ಕನ್ನಂಬಾಡಿಯೇ ಬಂತು.

ಹಾಗಂತ ನಾನು ಏನೂ ಮಾಡಲಿಲ್ಲ ಎಂದಲ್ಲ. ಒಂದು ಕೆಲಸ ಮಾಡಿದೆ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತಿದ್ದು.

ಬೆಡ್ಡಿನ ಮೇಲೆ ಗೋಡೆಗೆ ಗೆರೆ ಹಾಕುವ ದಿನ. ರಸ್ತೆ ಕಡೆ ಎರಡು ಗಡಿಕಲ್ಲುಗಳ ನಡುವೆ 63.60 ಮೀಟರ್. ನಡುವೆ 3.60ರ ಗೇಟು, ಅತ್ತ 30, ಇತ್ತ 30. ಮೂಲೆಯಲ್ಲಿ ಮೇಸ್ತ್ರಿ ನೂಲು ಕಟ್ಟಿ, ಒಂದು ಕಡೆ ಮೂರಡಿಗೆ ಗುರುತು, ಇನ್ನೊಂದು ಕಡೆ ನಾಲ್ಕಡಿಗೆ ಗುರುತು ಮಾಡಿ, ಎರಡರ ನಡುವೆ ಐದಡಿ ಬರುವ ತನಕ ನೂಲನ್ನು ಎಳೆದೆಳೆದು ಸರಿಸಿದರು. ಬಂದಾಗ "ಮೂಲೆಮಟ್ಟ ಕೂತ್ಕತು" ಎಂದರು. ಹೈಸ್ಕೂಲಿನಲ್ಲಿ ಪೈಥಾಗೊರಸ್ ನನ್ನನ್ನು ಎರಡು ಸಲ ಬೀಳಿಸಿದ್ದ. ಅವನು ಇಷ್ಟು ಉಪಕಾರಿ ಎಂದು ಆಗ ಯಾರೂ ಹೇಳಿರಲಿಲ್ಲ. ಆಮೇಲೆ ಟೇಪು ಬಿಚ್ಚಿದರು. ಎರಡು ತುದಿಗೆ ಇಬ್ಬರು ಬೇಕು. ಆಳುಗಳೆಲ್ಲ ಜಲ್ಲಿ ಲೋಡಿನ ಹತ್ತಿರ. "ಸಾರ್, ನೀವ್ ಸೊನ್ನೆ ಹಿಡ್ಕೊಳಿ" ಎಂದರು ಮೇಸ್ತ್ರಿ.

ಕೊನೆಗೂ ನನಗೊಂದು ಕೆಲಸ! ಗಡಿಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದೆ. ಟೇಪಿನ ಮೊದಲ ಭಾಗಕ್ಕೆ ಸವೆಯದಿರಲೆಂದು ಪ್ಲಾಸ್ಟಿಕ್ ಹೊದಿಕೆ. ಅದು ಹಿಡಿದುಕೊಳ್ಳುವ ಬಾಲ, ಅಳತೆ ಶುರುವಾಗುವುದು ಹೊದಿಕೆ ಮುಗಿದಲ್ಲಿ ಎಂದುಕೊಂಡು ಅಲ್ಲಿಗೇ ಹೆಬ್ಬೆರಳು ಊರಿದೆ. ಅಲ್ಲಿ 10 ಎಂದು ಅಚ್ಚಾಗಿತ್ತು. ಕಾಣಲಿಲ್ಲ ಎನ್ನಲಾರೆ. ಮಾಡೆಲ್ ನಂಬರ್ ಇರಬೇಕು ಅಂದುಕೊಂಡೆ. ದೂರದಿಂದ ಮೇಸ್ತ್ರಿ "ಸೊನ್ನೆ ಸರಿಯಾಗೈತಾ ಸಾರ್?" ಎಂದು ಕೂಗಿದರು. ಈ ಬಾರಿ "ಹ್ಞೂಂ" ಸಾಲದು ಎನಿಸಿ, "ಪಕ್ಕಾ!" ಎಂದು ಕೂಗಿದೆ. ಸುಣ್ಣದ ಪುಡಿಯ ಗುರುತು ಬಿತ್ತು. ಆ ಕಡೆಯ ಗಡಿಕಲ್ಲಿನಿಂದಲೂ ಅದೇ ಶ್ರದ್ಧೆಯಿಂದ ಹಿಡಿದುಕೊಟ್ಟೆ.

ಗೋಡೆ ಎದ್ದಿತು, ನೀರು ಹೊಡೆದದ್ದಾಯಿತು, ಪ್ಲಾಸ್ಟರೂ ಆಯಿತು. ಪಟ್ಟಣದ ವೆಲ್ಡಿಂಗ್ ಅಂಗಡಿಯಿಂದ ಗೇಟು ಬಂತು. ಎರಡು ಬಾಗಿಲನ್ನೂ ಕಂಬಗಳಿಗೆ ನೇತುಹಾಕಿ ಮುಚ್ಚಿದರೆ ನಡುವೆ ಒಂದು ಗೇಣು ಸಂದು. ಅಗುಳಿ ಈ ಬಾಗಿಲಲ್ಲಿದ್ದರೆ ಅದರ ತೂತು ಆ ಬಾಗಿಲಲ್ಲಿ, ಮುನಿಸಿಕೊಂಡ ಬೀಗರ ಹಾಗೆ. ನಾವೆಲ್ಲ ನೋಡುತ್ತಿದ್ದಂತೆ ಒಂದು ಮೇಕೆಮರಿ ಆ ಸಂದಿನಲ್ಲಿ ಒಳಹೋಗಿ ಬಿಸಿಯೂಟದ ಕೋಣೆಯ ಕಡೆ ನಡೆಯಿತು. ಮೇಸ್ತ್ರಿ ವೆಲ್ಡಿಂಗಿನವನ ಮೇಲೆ ಎಗರಿದರು. ಅವನು ತನ್ನ ಟೇಪು ಹಿಡಿದು ಗೇಟು ಅಳೆದು ತೋರಿಸಿದ. ಮೂರೂ ಅರವತ್ತು, ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ.

ಜಗಳ ಕಾಯುತ್ತಿದ್ದಾಗಲೇ ಮೇಡಂ ಎಂ.ಬಿ., ಅಂದರೆ ಅಳತೆ ಪುಸ್ತಕ, ಬರೆಯಲು ಬಂದರು. ಸ್ಟೀಲ್ ಟೇಪಿನಲ್ಲಿ ಅಳೆದರು. "ಈ ಕಡೆ 29.90. ಆ ಕಡೆಯೂ 29.90. ಅದು ಹೆಂಗೆ ಮೇಸ್ತ್ರಿ, ಎರಡೂ ಕಡೆ ಕರೆಕ್ಟಾಗಿ ಹತ್ತತ್ತು ಸೆಂಟಿಮೀಟರು ಕಮ್ಮಿ?"

ಮೇಸ್ತ್ರಿ ಮಾತಾಡಲಿಲ್ಲ. ನಮ್ಮ ಟೇಪು ತಂದು, ಒಂದು ಮಾರು ಬಿಚ್ಚಿ, ತುದಿಯನ್ನು ನನ್ನ ಕಡೆ ಚಾಚಿದರು. "ಸಾರ್, ಅವತ್ತು ಎಲ್ ಹಿಡ್ಕಂಡಿದ್ರಿ?"

ಹಿಡಿದು ತೋರಿಸಿದೆ. ಅದೇ ಜಾಗ, ಅದೇ ಹೆಬ್ಬೆರಳು. ಮೇಸ್ತ್ರಿ ಬಗ್ಗಿ ನನ್ನ ಉಗುರಿನ ಪಕ್ಕದ ಅಂಕಿ ಓದಿದರು. ಹನ್ನೊಂದು ವರ್ಷದಲ್ಲಿ ನಾನು ಹಿಡಿದ ಸೊನ್ನೆಗಳ ಲೆಕ್ಕ ನನಗೇ ಗೊತ್ತಿಲ್ಲ. ಹಿಡಿಯದೆ ಬಿಟ್ಟ ಈ ಎರಡು ಮಾತ್ರ ರಸ್ತೆ ಬದಿಯಲ್ಲಿ, ಕಾಂಕ್ರೀಟಿನಲ್ಲಿ ಅಚ್ಚಾಗಿಬಿಟ್ಟಿದ್ದವು.

ಮೇಸ್ತ್ರಿ ನೆಟ್ಟಗಾಗಿ ಮೇಡಂ ಕಡೆ ತಿರುಗಿದರು. "ಅವತ್ತು ಬಿಸ್ಲು ಜಾಸ್ತಿ ಇತ್ತು ಮೇಡಂ. ಟೇಪು ಹಿಗ್ಬಿಟ್ಟಿತ್ತು."

"ಟೇಪು ಹಿಗ್ಗಿದ್ರೆ ಗೋಡೆ ಉದ್ದ ಆಗ್ಬೇಕಿತ್ತು, ಗಿಡ್ಡ ಹೆಂಗಾಯ್ತು?"

"ಹಂಗಾರೆ ಮೋಡ ಇತ್ತು" ಎಂದರು ಮೇಸ್ತ್ರಿ, ಕಣ್ಣು ಕೂಡ ಮಿಟುಕಿಸದೆ.

ಮೇಡಂ ನಗು ತಡೆದುಕೊಂಡು ಎಂ.ಬಿ.ಯಲ್ಲಿ 29.90 ಎಂದೇ ಎರಡು ಸಲ ಬರೆದರು. ಗೇಟಿನ ಎರಡೂ ಬಾಗಿಲಿಗೆ ಹತ್ತತ್ತು ಸೆಂಟಿಮೀಟರ್ ಪಟ್ಟಿ ಬೆಸೆಯುವ ಖರ್ಚು ಎಸ್ಟಿಮೇಟಿನಲ್ಲಿ ಇರಲಿಲ್ಲವಾದ್ದರಿಂದ ನನ್ನ ಜೇಬಿನಿಂದ ಹೋಯಿತು. ಪಟ್ಟಿ ಬರುವ ತನಕ ಒಂದು ವಾರ ಗೇಟಿಗೆ ಸರಪಳಿ ಬಿಗಿದಿದ್ದೆವು. ಒಂದನೇ ತರಗತಿಯ ಮಕ್ಕಳಿಗೆ ಅಡ್ಡಡ್ಡ ತಿರುಗಿದರೆ ಸಲೀಸಾಗಿ ಹಿಡಿಸುತ್ತಿದ್ದ ಸಂದು ಅದು. ಪಟ್ಟಿ ಬಿದ್ದ ದಿನ ಅವರಿಗಾದ ಬೇಸರ ನೋಡಲಾಗುತ್ತಿರಲಿಲ್ಲ.

ಕೊನೆಯ ದಿನ ಪೇಂಟರ್ ಗೋಡೆಯ ಮೇಲೆ ಅಕ್ಷರ ಬರೆಯುತ್ತಿದ್ದ. ನಾನು ರಸ್ತೆಯಾಚೆ ಹೋಟೆಲಿನಲ್ಲಿ ಮೇಸ್ತ್ರಿ ಜೊತೆ ಟೀ ಕುಡಿಯುತ್ತಿದ್ದೆ. ಅಷ್ಟು ದೂರದಿಂದಲೇ ಕಣ್ಣಿಗೆ ಹೊಡೆಯಿತು: "ಜಾಹೀರಾತು ಅಟಿಸಬಾರದು." ಲೋಟ ಕೆಳಗಿಟ್ಟು ಎದ್ದು ನಿಂತು, ನಾಲ್ಕು ಜನ ತಿರುಗಿ ನೋಡುವ ಹಾಗೆ ಕೂಗಿದೆ.

"ಏಯ್, ಸೊನ್ನೆ ಬಿಟ್ಟಿದೀಯಲ್ಲೋ!"

ಮೇಸ್ತ್ರಿ ಟೀ ಹೀರುತ್ತಲೇ ನನ್ನನ್ನೊಮ್ಮೆ ನೋಡಿದರು. ಆಮೇಲೆ ಗೇಟಿನ ಕಡೆ ನೋಡಿದರು. ಆಮೇಲೆ ಕಿವಿಯ ಮೇಲಿನ ಬೀಡಿ ತೆಗೆದು, ಬೆಂಕಿಪೊಟ್ಟಣ ಹುಡುಕತೊಡಗಿದರು.