ತಡೀರಿ, ಇನ್ನೂ ಇಳಿತೈತಿ

ಸರ್ಕಾರದ ದುಡ್ಡಿನ ವಿಷಯದಲ್ಲಿ ಜನರಲ್ಲಿ ಎರಡು ಪಂಗಡ. ಮೊದಲನೆಯವರಿಗೆ ಯೋಜನೆಯ ಹೆಸರೂ ಗೊತ್ತಿರುವುದಿಲ್ಲ, ದುಡ್ಡು ಮಾತ್ರ ಬಂದಿರುತ್ತದೆ. ಎರಡನೆಯವರಿಗೆ ಅಧಿಸೂಚನೆ, ತಿದ್ದುಪಡಿ, ಷರತ್ತು ಎಲ್ಲ ಬಾಯಿಪಾಠ, ದುಡ್ಡೊಂದು ಬಂದಿರುವುದಿಲ್ಲ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಮೊದಲ ಪಂಗಡ. ಹಾವೇರಿಯ ಕಾಲೇಜೊಂದರಲ್ಲಿ ಬಿ.ಕಾಂ. ಹುಡುಗರಿಗೆ ಆದಾಯ ತೆರಿಗೆ ಪಾಠ ಮಾಡುವ ನಾನು ಎರಡನೆಯದು.

2022ರ ದಸರೆಗೆ ಅವನ ಹಳೇ ಲೂನಾ ಕೈಕೊಟ್ಟಿತು. ಮರುದಿನವೇ ಹೋಗಿ ಎಲೆಕ್ಟ್ರಿಕ್ ಸ್ಕೂಟರ್ ತಂದು ನಿಂಬೆಹಣ್ಣು ಹತ್ತಿಸಿಬಿಟ್ಟ. ಸಬ್ಸಿಡಿ ಎಷ್ಟು ಬಂತು ಎಂದು ಕೇಳಿದೆ.

"ಅದೇನೋ ಗೊತ್ತಿಲ್ಲ ಮಾಮಾ. ಅವ್ರು ರೇಟು ಹೇಳಿದ್ರು, ನಾ ರೊಕ್ಕಾ ಕೊಟ್ಟೆ."

ನನಗೆ ಗೊತ್ತಿತ್ತು. ಕೇಂದ್ರದ ಫೇಮ್-2 ಯೋಜನೆ ಶುರುವಾದದ್ದು 2019ರ ಏಪ್ರಿಲ್‌ನಲ್ಲಿ. ಬ್ಯಾಟರಿಯ ಒಂದೊಂದು ಕಿಲೋವ್ಯಾಟ್ ಅವರ್‌ಗೆ, ಅಂದರೆ ಕರೆಂಟ್ ಬಿಲ್ಲಿನ ಒಂದೊಂದು ಯೂನಿಟ್ಟಿಗೆ, ಮೊದಲು 10,000 ರೂಪಾಯಿ ಕೊಡುತ್ತಿದ್ದರು. 2021ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಿ, ಗಾಡಿಯ ಕಾರ್ಖಾನೆ ಬೆಲೆಯ ಶೇ 40ರವರೆಗೂ ಕೊಡಬಹುದು ಎಂದರು. ಅವನದು ಮೂರು ಯೂನಿಟ್ಟಿನ ಬ್ಯಾಟರಿ. ಗೊತ್ತಿಲ್ಲದೆ 45 ಸಾವಿರ ಉಳಿಸಿಕೊಂಡಿದ್ದ.

ನೀವೂ ತಗೊಂಡುಬಿಡ್ರಿ ಎಂದಳು ನನ್ನವಳು. ನಾನು ಅಷ್ಟು ಸುಲಭಕ್ಕೆ ಸಿಗುವವನೇ? ಕಾಗದ ತೆಗೆದು 10,000ಕ್ಕೆ ಒಂದು ಚುಕ್ಕೆ, 15,000ಕ್ಕೆ ಇನ್ನೊಂದು ಚುಕ್ಕೆ ಇಟ್ಟು ಎರಡನ್ನೂ ಸೇರಿಸಿ ಗೆರೆ ಎಳೆದೆ. ಗೆರೆ ಮೇಲಕ್ಕೇ ಹೋಗಿತ್ತು. 2023ಕ್ಕೆ ಯೂನಿಟ್ಟಿಗೆ 20,000 ಆಗುವುದು ಖಂಡಿತ. "ತಡಿ, ಗಾಡಿ ರೇಟು ಇನ್ನೂ ಇಳಿತೈತಿ" ಎಂದೆ. ಎರಡೇ ಚುಕ್ಕೆಯ ಮೇಲೆ ಭವಿಷ್ಯ ನುಡಿದ ವಿದ್ಯಾರ್ಥಿಗೆ ನಾನೇ ಸೊನ್ನೆ ಹಾಕುತ್ತೇನೆ. ಮನೆಯಲ್ಲಿ ಹಾಕುವವರು ಯಾರೂ ಇರಲಿಲ್ಲ.

ಅದೇ ವರ್ಷ ತರಗತಿಯಲ್ಲಿ 80ಇಇಬಿ ಕಲಂ ಪಾಠ ಮಾಡುತ್ತಿದ್ದೆ. ಎಲೆಕ್ಟ್ರಿಕ್ ವಾಹನಕ್ಕೆ ಸಾಲ ಮಾಡಿದವರಿಗೆ ಬಡ್ಡಿಯ ಮೇಲೆ 1.5 ಲಕ್ಷದವರೆಗೆ ಆದಾಯದಲ್ಲಿ ಕಡಿತ. ಆದರೆ ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು. ಬೋರ್ಡಿನ ಮೇಲೆ ಈ ತಾರೀಖಿನ ಕೆಳಗೆ ಎರಡು ಗೆರೆ ಎಳೆದದ್ದು ನಾನೇ, ಪರೀಕ್ಷೆಗೆ ಕೇಳಿದ್ದೂ ನಾನೇ. ಹುಡುಗರು ಸರಿಯಾಗಿಯೇ ಬರೆದಿದ್ದರು. ಆ ಉತ್ತರ ಪತ್ರಿಕೆ ತಿದ್ದುವ ಹೊತ್ತಿಗೆ ಮಾರ್ಚ್ 31 ದಾಟಿತ್ತು. ಸ್ಕೂಟರಿನ ಸಾಲಕ್ಕೆ ಒಂದೂವರೆ ಲಕ್ಷ ಬಡ್ಡಿ ಕಟ್ಟಬೇಕೆಂದರೆ ಮೊಮ್ಮಕ್ಕಳ ಕಾಲದವರೆಗೂ ಕಂತು ತುಂಬಬೇಕು, ಹೋದರೆ ಹೋಯಿತು ಎಂದು ಸಮಾಧಾನ ಮಾಡಿಕೊಂಡೆ.

ಎರಡು ತಿಂಗಳಿಗೆ ನನ್ನ ಗೆರೆ ಮುರಿಯಿತು. 2023ರ ಜೂನ್ 1ರಿಂದ ಯೂನಿಟ್ಟಿಗೆ ಮತ್ತೆ 10,000. ಮಿತಿ ಶೇ 40ರಿಂದ 15ಕ್ಕೆ. ಒಂದು ಲಕ್ಷದ ಗಾಡಿಗೆ 15 ಸಾವಿರ ದಾಟುವಂತಿಲ್ಲ. ಇಳಿಯಬೇಕಾದದ್ದು ಗಾಡಿ ರೇಟು, ಇಳಿದದ್ದು ಸಬ್ಸಿಡಿ. ಅದೇ ವರ್ಷ, ಚಾರ್ಜರಿಗೆ ಬೇರೆ ಬಿಲ್ ಮಾಡಿ ಗಾಡಿಯ ಬೆಲೆ ಕಡಿಮೆ ತೋರಿಸಿದ್ದ ಕಂಪನಿಗಳು ಆ ದುಡ್ಡನ್ನು ಗಿರಾಕಿಗಳಿಗೆ ವಾಪಸ್ ಕೊಡಬೇಕಾಯಿತು. ರಾಣೆಬೆನ್ನೂರಿನಿಂದ ಫೋನು. "ಮಾಮಾ, ಖಾತೆಗೆ ಯಾರೋ ರೊಕ್ಕಾ ಹಾಕ್ಯಾರ. ಚಾರ್ಜರಂತ. ತಿರುಗಿ ಕೊಡಬೇಕಾಗತೈತೇನ್ರಿ?"

ನಾನು ಫೋನಿಟ್ಟೆ.

ಫೇಮ್-2 ಪೂರ್ತಿ ಮುಗಿಯುವುದು 2024ರ ಮಾರ್ಚ್ 31ಕ್ಕೆ ಎಂದು ಸರ್ಕಾರ ಮೊದಲೇ ಹೇಳಿತ್ತು. ಈ ಸಲ ಬಿಡಬಾರದು ಎಂದು ನಿಶ್ಚಯಿಸಿದೆ. ಬ್ಯಾಡಗಿ ತಾಲ್ಲೂಕಿನಲ್ಲಿರುವ ಹೆಂಡತಿಯ ಪಾಲಿನ ಹೊಲದಲ್ಲಿ ಒಂದಿಷ್ಟು ಡಬ್ಬಿ ಮೆಣಸಿನಕಾಯಿ ಬಂದಿತ್ತು, ಅದನ್ನು ಮಾರಿದ ದುಡ್ಡಿನಲ್ಲಿ ಗಾಡಿ ತರುವ ಲೆಕ್ಕ. ದಲಾಲಿ ಅಂಗಡಿಯವರು ಫೆಬ್ರುವರಿಯಲ್ಲೇ ಕೊಟ್ಟುಬಿಡಿ ಎಂದಿದ್ದರು. ನಾನು ತಡೀರಿ ಎಂದಿದ್ದೆ. ಇಲ್ಲಿ ರೇಟು ಏರಲಿ ಅಂತ. ಮಾರ್ಚ್ 11, ಸೋಮವಾರ, ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದುಹೋಯಿತು. ದೂರದಿಂದ ಮಾಲು ತಂದಿದ್ದ ರೈತರ ಸಿಟ್ಟು ಎಪಿಎಂಸಿ ಕಚೇರಿಗೂ ನಿಂತಿದ್ದ ವಾಹನಗಳಿಗೂ ಬೆಂಕಿಯಾಗಿ ತಗುಲಿತು. ವರ್ಷದ ದುಡಿಮೆ ಕಳಕೊಂಡವರ ಮುಂದೆ ನನ್ನ ಸ್ಕೂಟರಿನ ಅಳಲು ಹೇಳುವುದಕ್ಕೂ ನಾಚಿಕೆ. ನಮ್ಮ ಚೀಲಗಳು ಕೋಲ್ಡ್ ಸ್ಟೋರೇಜಿಗೆ ಹೋದವು, ಮಾರ್ಚ್ 31 ತನ್ನ ಪಾಡಿಗೆ ತಾನು ಹೋಯಿತು.

ಆಮೇಲಿನ ಯೋಜನೆಗಳ ಹೆಸರು ನನಗೆ ಮಾತ್ರ ನೆನಪಿರಬೇಕು. ಏಪ್ರಿಲ್‌ನಿಂದ ಇಎಂಪಿಎಸ್, ಅಕ್ಟೋಬರ್‌ನಿಂದ ಪಿಎಂ ಇ-ಡ್ರೈವ್. ಯೂನಿಟ್ಟಿಗೆ 5,000, ಒಂದು ಸ್ಕೂಟರಿಗೆ 10,000 ಮೀರುವಂತಿಲ್ಲ. ಎರಡನೇ ವರ್ಷಕ್ಕೆ ಅದೂ ಅರ್ಧ: ಯೂನಿಟ್ಟಿಗೆ 2,500, ಗಾಡಿಗೆ 5,000. ಈ ನಡುವೆ ನಮ್ಮ ರಾಜ್ಯ ಸರ್ಕಾರ 25 ಲಕ್ಷಕ್ಕಿಂತ ದುಬಾರಿಯ ಎಲೆಕ್ಟ್ರಿಕ್ ಕಾರುಗಳ ಮೇಲೆ ಶೇ 10ರಷ್ಟು ತೆರಿಗೆ ಹಾಕಿತು. ಇದು ಅನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ಗಂಟಲು ಹರಿಯುವಂತೆ ವಾದಿಸಿದೆ. ನನ್ನ ಬಜೆಟ್ಟು ಒಂದು ಲಕ್ಷದ್ದು.

ಕೊನೆಗೆ 2025ರ ಗಣೇಶನ ಹಬ್ಬಕ್ಕೆ ಗಾಡಿ ಕೊಂಡೆ. ಅಲ್ಲೂ ಲೆಕ್ಕ ಬಿಡಲಿಲ್ಲ. ಯೂನಿಟ್ಟಿಗೆ 2,500ರಂತೆ 5,000 ಪೂರ್ತಿ ಸಿಗಲು ಎರಡು ಯೂನಿಟ್ಟಿನ ಬ್ಯಾಟರಿ ಸಾಕು. ಮೂರರದ್ದು ತಗೊಂಡರೆ ಆ ಮೂರನೆಯದಕ್ಕೆ ಸರ್ಕಾರದ ಒಂದು ಪೈಸೆಯೂ ಇಲ್ಲ. ಸಬ್ಸಿಡಿ ಇಲ್ಲದ ಯೂನಿಟ್ಟನ್ನು ನಾನೇಕೆ ಹೊರಲಿ? "ಸರ, ದೊಡ್ಡದು ತಗೊಳ್ರಿ, ಉಪಯೋಗಕ್ಕ ಬರತೈತಿ" ಎಂದ ಶೋರೂಮಿನ ಹುಡುಗನಿಗೆ ಈ ಸೂಕ್ಷ್ಮ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿ, ಆಧಾರ್ ಸಂಖ್ಯೆ ತಗೊಂಡು, ಇ-ವೋಚರಿಗೆ ನನ್ನ ಮುಖದ ಫೋಟೊ ಹಿಡಿದ. "ನಗಬ್ಯಾಡ್ರಿ ಸರ, ಹೊಂದಾಣಿಕಿ ಆಗವಲ್ದು" ಎಂದ. ಐದು ಸಾವಿರಕ್ಕೆ ಅಷ್ಟು ನಗು ಬಂದಿದ್ದಾದರೂ ಹೇಗೋ.

ಹಬ್ಬದ ಕಡುಬಿನ ರುಚಿ ಆರುವ ಮೊದಲೇ, ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ಕಿನದು ಮೊದಲೇ 5 ಇತ್ತು, ಹಾಗೇ ಉಳಿಯಿತು. ಅಂತೂ ರೇಟು ಇಳಿದೇಬಿಟ್ಟಿತು, ನಾನು ಕೊಳ್ಳದ ಗಾಡಿಯದ್ದು.

ಆ ತಿಂಗಳ ಕೊನೆಗೆ ಅಮೆರಿಕದಲ್ಲಿರುವ ಅಳಿಯನ ಫೋನು, ಬೀಜದ ಅಂಗಡಿಯವನ ಮಗ. ಅಲ್ಲಿಯೂ ಹೊಸ ಎಲೆಕ್ಟ್ರಿಕ್ ಕಾರಿಗೆ ಸಿಗುತ್ತಿದ್ದ 7,500 ಡಾಲರಿನ ತೆರಿಗೆ ರಿಯಾಯಿತಿ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ. "ಈಗ ತಗೊಳ್ಳಲೋ, ತಡೀಲೋ ಮಾಮಾ?" ತಡಿ ಎಂದೆ, ಇನ್ನೂ ಇಳಿತೈತಿ. ಅವನು ಅದೇ ವಾರ ಕಾರು ತಂದ. ಅಪ್ಪನ ಮಗ.

ಇನ್ನು ಮನೆಯ ಕರೆಂಟು. ಗೃಹಜ್ಯೋತಿಯಲ್ಲಿ ನಮ್ಮದು ಸೊನ್ನೆ ಬಿಲ್ಲಿನ ಮನೆಯಾಗಿತ್ತು. 200 ಯೂನಿಟ್ಟಿನವರೆಗೆ ಉಚಿತ ಎನ್ನುವುದನ್ನಷ್ಟೇ ಊರು ಓದಿದೆ. ಹಳೆಯ ಸರಾಸರಿಗೆ ಶೇ 10 ಸೇರಿಸಿದಷ್ಟಕ್ಕೆ ಮಾತ್ರ ಆ ಭಾಗ್ಯ, ಹೆಚ್ಚಾದದ್ದಕ್ಕೆ ದುಡ್ಡು ಎನ್ನುವುದನ್ನು ನಾನು ಓದಿದ್ದೆ, ಎಲ್ಲರಿಗೂ ಹೇಳಿದ್ದೆ. ಸ್ಕೂಟರು ದಿನಾ ಎರಡು ಯೂನಿಟ್ ಕುಡಿಯತೊಡಗಿದ ಮೇಲೆ ಹೆಸ್ಕಾಂ ಬಿಲ್ಲಿನಲ್ಲಿ ಅಂಕಿ ಮೂಡಿತು. ಹೆಂಡತಿ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ.

2026ರ ಸಂಕ್ರಾಂತಿ ಮುಗಿದ ಮೇಲೆ ವರ್ಷದ ಖಾರದ ಪುಡಿಗೆಂದು ಇಬ್ಬರೂ ಬ್ಯಾಡಗಿಗೆ ಹೊರಟೆವು. ನಮ್ಮ ಹೊಲದಲ್ಲಿ ಆ ವರ್ಷ ಮೆಣಸಿನಕಾಯಿ ಹಾಕಿರಲಿಲ್ಲ. ಹಾಕುವುದು ಬೇಡ, ತಡೀರಿ ಎಂದವರು ಯಾರೆಂದು ಹೇಳಬೇಕಾಗಿಲ್ಲ. ಸೋಮವಾರದ ಮಾರುಕಟ್ಟೆ. ಗೇಟಿನೊಳಗೆ ಕಾಲಿಡುವಾಗಲೇ ಘಾಟು ಮೂಗಿಗೆ ಬಡಿದು ಸಾಲು ಸೀನು. ಬಣ್ಣಕ್ಕೆ ಡಬ್ಬಿ, ಖಾರಕ್ಕೆ ಗುಂಟೂರು. ಸುಕ್ಕುಗಟ್ಟಿದ ಕಡುಗೆಂಪು ಕಾಯನ್ನು ಮುರಿದು, ಬೀಜ ಉದುರಿಸಿ, ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿ ಬಣ್ಣ ನೋಡಿ ಆರಿಸಿದಳು. ಮೆಣಸಿನಕಾಯಿ ತೂಕಕ್ಕೆ ಹಗುರ, ಗಾತ್ರಕ್ಕೆ ಭಾರಿ. ಕಾಲಿಡುವಲ್ಲಿ ಒಂದು ಚೀಲ, ಸೀಟಿನ ಕೆಳಗಿನ ಡಿಕ್ಕಿಯ ತುಂಬ ಇನ್ನೊಂದು. ಆ ಡಿಕ್ಕಿ ಖಾಲಿ ಇರಲೆಂದೇ ಚಾರ್ಜರನ್ನು ಮನೆಯಲ್ಲಿ ತೆಗೆದಿಟ್ಟು ಬಂದಿದ್ದೆ.

ಅಲ್ಲಿಂದ ರಾಣೆಬೆನ್ನೂರಿಗೆ ಊಟಕ್ಕೆ. "ಚಾರ್ಜಿಗೆ ಹಚ್ರಿ ಮಾಮಾ" ಎಂದ ಹೆಂಡತಿಯ ತಮ್ಮ. ಅವನ ಗಾಡಿಯ ಕಂಪನಿಯ ಪಿನ್ನು ನನ್ನ ಗಾಡಿಗೆ ಹೊಂದಲಿಲ್ಲ. ಇರಲಿ, ಬೇಕಾದಷ್ಟು ಐತಿ ಎಂದು ರೊಟ್ಟಿ ಮುರಿದೆ. ಹೊರಟಾಗ ಎದುರುಗಾಳಿ, ಬದಿಯಲ್ಲಿ ಲಾರಿಗಳು, ಹಿಂದೆ ಹೆಂಡತಿ, ಮುಂದೆ ಚೀಲ. ಮೋಟೆಬೆನ್ನೂರು ಬರುವ ಹೊತ್ತಿಗೆ ಪರದೆಯ ಮೇಲೆ ಆಮೆಯ ಚಿತ್ರ ಮೂಡಿತು. ವೇಗವೂ ಅದರದ್ದೇ ಆಯಿತು. ಮಿರ್ಚಿ ಅಂಗಡಿಯೊಂದರ ಮುಂದೆ ಗಾಡಿ ತಾನಾಗಿಯೇ ನಿಂತಿತು.

"ಪ್ಲಗ್ ಐತೇನ್ರಿ?" ಎಂದೆ.

"ಪ್ಲಗ್ಗೂ ಐತಿ, ಕರೆಂಟೂ ಐತಿ. ನಿಮ್ಮ ವಾಯರ್ ಎಲ್ಲೈತ್ರಿ ಸರ?"

ಹೆಂಡತಿ ಏನೂ ಅನ್ನಲಿಲ್ಲ. ವ್ಯಾನಿಟಿ ಬ್ಯಾಗಿನಿಂದ ಆಧಾರ್ ಕಾರ್ಡ್ ತೆಗೆದು, ಹಾವೇರಿ ಕಡೆಯ ಬಸ್ಸಿಗೆ ಕೈ ಮಾಡಿದಳು. ಹತ್ತುವಾಗ ಮಾತ್ರ ತಿರುಗಿ, "ನಮ್ಮ ಶಕ್ತಿ ಯೋಜನೆ ಇನ್ನೂ ಚಾಲೂ ಐತ್ರಿ" ಎಂದಳು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕೊಡುವ ಸೊನ್ನೆ ಟಿಕೆಟ್ಟಿನಲ್ಲಿ ಮನೆಗೆ ಹೋಗಿ, ಚಾರ್ಜರ್ ತಗೊಂಡು, ಇನ್ನೊಂದು ಸೊನ್ನೆ ಟಿಕೆಟ್ಟಿನಲ್ಲಿ ಮರಳಿ ಬಂದಳು. ಅಲ್ಲಿಯವರೆಗೆ ನಾನು ಮಿರ್ಚಿ, ಗಿರ್ಮಿಟ್, ಚಹಾ ಎಂದು ತಿಂದ ದುಡ್ಡಿನಲ್ಲಿ ಸಬ್ಸಿಡಿಯ ಒಂದು ತುಂಡು ಕರಗಿತು.

ಅಂಗಡಿಯಲ್ಲಿದ್ದ ಹುಡುಗನೊಬ್ಬ ಎಲೆಕ್ಟ್ರಿಕ್ ಗಾಡಿ ತಗೊಳ್ಳುವ ಯೋಚನೆಯಲ್ಲಿದ್ದ. ನಾನು ಬಿಟ್ಟೇನೆಯೇ? ಪಿಎಂ ಇ-ಡ್ರೈವ್ ಯೋಜನೆಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದ್ದಾರೆ. ಆದರೆ ಸ್ಕೂಟರಿನ ಸಬ್ಸಿಡಿಗೆ 2026ರ ಮಾರ್ಚ್ 31 ಎಂದು 2025ರ ಆಗಸ್ಟ್‌ನಲ್ಲೇ ಗೊತ್ತುಮಾಡಿದ್ದಾರೆ ಎಂದು ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿ, ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು, ಇದರ ಬ್ಯಾಟರಿ ಎಷ್ಟರದ್ದು ಎಂದ. ಹೇಳಿದೆ. ಅಷ್ಟು ಸಣ್ಣದು ಯಾಕ್ರಿ ಎಂದ. ಅದಕ್ಕೂ ಕಾರಣ ಹೇಳಿದೆ. ಅವನು ಮಿರ್ಚಿಯ ದುಡ್ಡು ಕೊಟ್ಟು ಎದ್ದುಹೋದ.

ನಿಮಗೂ ಗಾಡಿ ಬೇಕಿದ್ದರೆ ಬೇಕಾದ ದಿನವೇ ಹೋಗಿ ತಗೊಳ್ಳಿ. ಸಬ್ಸಿಡಿ ವಿಷಯಕ್ಕೆ ನನ್ನ ಹತ್ತಿರ ಬರಬೇಡಿ, ಬಂದರೆ ತಡೀರಿ ಅಂತಲೇ ಹೇಳುತ್ತೇನೆ. ಶೋರೂಮಿನ ಹುಡುಗ ದೊಡ್ಡ ಬ್ಯಾಟರಿ ತಗೊಳ್ರಿ ಅಂದರೆ ಅವನ ಮಾತು ಕೇಳಿ.